ಮುಖದಲ್ಲಿ ಕಾಣದ ಖುಷಿ

ಆಟಿಸಂ ಇರುವ ಮಕ್ಕಳ ಥೆರಪಿಯಲ್ಲಿ ರೋಬೋಟ್ ಬಳಸಲು ಶುರು ಮಾಡಿದಾಗ ನಾನು ಮಗುವಿನ ಮುಖವನ್ನೇ ನೋಡುತ್ತಾ ಕೂರುತ್ತಿದ್ದೆ. ನಕ್ಕರೆ ಖುಷಿಯಾಗಿದೆ, ನಗದಿದ್ದರೆ ಇಲ್ಲ ಅಂತ ಬರೆದುಕೊಳ್ಳುತ್ತಿದ್ದೆ. ಅದು ತಪ್ಪು ಅಂತ ತೋರಿಸಿಕೊಟ್ಟವನು ಆರು ವರ್ಷದ ಒಬ್ಬ ಹುಡುಗ.

ಅವನದು ಮಾತು ತುಂಬಾ ಕಡಿಮೆ. ಮೊದಲ ದಿನ ರೋಬೋಟ್ ಕೈ ಎತ್ತಿ ಹಲೋ ಅಂದ ಕೂಡಲೇ ಕಿವಿ ಮುಚ್ಚಿಕೊಂಡು ಬಾಗಿಲ ಹತ್ತಿರ ಹೋಗಿ ನಿಂತ. ರೋಬೋಟ್ ಅಂದರೆ ಇವನಿಗೆ ಆಗಲ್ಲ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ತೊಂದರೆ ಕೊಡುತ್ತಿದ್ದದ್ದು ತೋಳಿನ ಮೋಟಾರಿನ ಕಿರ್ ಅನ್ನುವ ಸದ್ದು. ಮುಂದಿನ ಸಲ ಆಫ್ ಮಾಡಿಯೇ ಇಟ್ಟೆ. ಮೆಲ್ಲಗೆ ಬಂದು ಅದರ ಮಂಡಿ ಮುಟ್ಟಿದ, ಮೂಸಿದ. ಆಮೇಲೆ ರೋಬೋಟಿನ ಬರೀ ದನಿ, ಅದೂ ಮೆತ್ತಗೆ. ಅದರ ಕೈ ಆಡಿಸಿದ್ದು ಎಷ್ಟೋ ದಿನಗಳ ನಂತರ.

ಒಂದು ದಿನ ರೋಬೋಟ್ 'ನಂಗೆ ಬೇಜಾರಾಗಿದೆ' ಅಂತ ತಲೆ ತಗ್ಗಿಸಿತು. ಹುಡುಗನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆದರೆ ಪಟಪಟ ಬಡಿಯುತ್ತಿದ್ದ ಅವನ ಕೈ ನಿಂತಿತು. ಯಾರಿಗೂ ಮುಟ್ಟಲು ಬಿಡದ ತನ್ನ ನೀಲಿ ಬಾಟಲಿ ಮುಚ್ಚಳವನ್ನು ತಂದು ಅದರ ಪಾದದ ಹತ್ತಿರ ಇಟ್ಟ. ಇಟ್ಟು, ತಿರುಗಿ ನನ್ನನ್ನು ನೋಡಿದ.

ನನಗೆ ಬೇಕಾಗಿದ್ದದ್ದು ಆ ನೋಟ. ರೋಬೋಟ್ ಜೊತೆ ಎಷ್ಟು ಹೊತ್ತು ಆಡಿದ ಅನ್ನುವುದಕ್ಕಿಂತ, ಅಲ್ಲಿಂದ ಕಣ್ಣು ತೆಗೆದು ಮನುಷ್ಯರ ಕಡೆ ತಿರುಗಿದನಾ ಅನ್ನುವುದು ಮುಖ್ಯ. 2018ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಆಟಿಸಂ ಇರುವ 12 ಮಕ್ಕಳ ಮನೆಯಲ್ಲಿ 30 ದಿನ ರೋಬೋಟ್ ಇಟ್ಟು ನೋಡಿದರು. ದಿನಕ್ಕೆ ಅರ್ಧ ಗಂಟೆ ಆಟ, ಮನೆಯ ದೊಡ್ಡವರೂ ಜೊತೆಗೆ. ಬೇರೆಯವರ ಜೊತೆ ಸೇರಿ ಒಂದೇ ಕಡೆ ಗಮನ ಕೊಡುವುದು ಮಕ್ಕಳಲ್ಲಿ ಸುಧಾರಿಸಿತು. ರೋಬೋಟ್ ವಾಪಸ್ ಹೋದ ಮೇಲೆ ಆ ಸುಧಾರಣೆ ಸ್ವಲ್ಪ ಇಳಿಯಿತು. ರೋಬೋಟ್ ಹೋದರೂ ಮನೆಯವರು ಇರುತ್ತಾರೆ, ಅದಕ್ಕೇ ನಾನು ಮೊದಲ ದಿನದಿಂದಲೇ ಅಮ್ಮನನ್ನೋ ಅಪ್ಪನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ.

ಮನುಷ್ಯರ ಮುಖದಲ್ಲಿ ಹುಬ್ಬು, ಕಣ್ಣು, ತುಟಿ ಎಲ್ಲಾ ಒಟ್ಟಿಗೆ ಆಡುತ್ತವೆ. ಈ ಮಕ್ಕಳಲ್ಲಿ ಎಷ್ಟೋ ಜನರಿಗೆ ಅದು ಜಾಸ್ತಿ ಆಗುತ್ತದೆ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ಕ್ಯಾಸ್ಪರ್ ರೋಬೋಟಿಗೆ ಬೇಕಂತಲೇ ಸರಳ ಮುಖ ಕೊಟ್ಟಿರುವುದು ಇದಕ್ಕೇ. ಹಾಗಂತ ಎಲ್ಲ ಮಕ್ಕಳಿಗೂ ರೋಬೋಟ್ ಒಗ್ಗಲ್ಲ. ಒಬ್ಬಳು ಹುಡುಗಿ ನೋಡಿದಾಗಲೆಲ್ಲ ಅತ್ತಳು. ಎರಡು ಸಲಕ್ಕೇ ನಿಲ್ಲಿಸಿದೆ. ಒತ್ತಾಯ ಮಾಡಲೇಬಾರದು.

ಇನ್ನೊಂದು ಮಾತು. ಒಮ್ಮೆ ಹಾಡಿನ ಮಧ್ಯೆ ಚಾರ್ಜ್ ಮುಗಿದು ರೋಬೋಟ್ ಕುಸಿದು ಕೂತಿತು. ಅದೇ ಹುಡುಗ ಕಿರುಚಿಕೊಂಡ, ಸಮಾಧಾನ ಮಾಡಲು ಒಂದು ಗಂಟೆ ಹಿಡಿಯಿತು. ಅವತ್ತಿನಿಂದ ಪ್ರತಿ ಸಲ 'ನಂಗೆ ನಿದ್ದೆ ಬಂತು, ಟಾಟಾ' ಅಂತ ಹೇಳಿಸಿಯೇ ಆಫ್ ಮಾಡುತ್ತೇನೆ. ಈಗ ಬಟ್ಟೆ ಹೊದಿಸುವ ಕೆಲಸ ಅವನದೇ. ಒಂದು ತುದಿ ತಾನು ಹಿಡಿದು, ಇನ್ನೊಂದು ತುದಿಯನ್ನು ಅಮ್ಮನ ಕೈಗೆ ಕೊಡುತ್ತಾನೆ.