ಮಕ್ಕಳಿಗೆ ಇಂಗ್ಲಿಷ್ ವಾಕ್ಯ ಜೋಡಿಸೋದು ಹೇಗೆ ಕಲಿಸೋದು

ಇಂಗ್ಲಿಷ್ ವಾಕ್ಯದಲ್ಲಿ ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ಅಂತ ಮೂರು ಬಗೆ, ಅವುಗಳ ಡೆಫಿನಿಷನ್ ಬಾಯಿಪಾಠ ಮಾಡ್ಸಿದ್ರೆ ಮಗು ಪರೀಕ್ಷೇಲಿ ಬರೆದು ಬರುತ್ತೆ, ಆದ್ರೆ ಸ್ವಂತವಾಗಿ ನಾಲ್ಕು ಸಾಲು ಬರಿ ಅಂದ್ರೆ ತಡವರಿಸುತ್ತೆ. ಹೆಸರುಗಳೆಲ್ಲ ಆಮೇಲೆ ಇರ್ಲಿ. ಮೊದ್ಲು ಏನಾಯ್ತು, ಯಾರು ಮಾಡಿದ್ರು ಅಂತ ಜೋಡಿ ಹುಡುಕ್ಸಿ.

'ದ ಡಾಗ್ ಬಾರ್ಕ್ಡ್' ಅಂತ ಬರೆದು ಡಾಗ್ ಕೆಳಗೆ ಒಂದು ಗೆರೆ, ಬಾರ್ಕ್ಡ್ ಕೆಳಗೆ ಎರಡು ಗೆರೆ ಹಾಕ್ಸಿ. ಇಂಥ ಒಂದು ಜೋಡಿ ಇರೋ ಭಾಗಕ್ಕೆ ಉಪವಾಕ್ಯ ಅಂತಾರೆ, ಒಂದೇ ಉಪವಾಕ್ಯ ಇದ್ರೆ ಅದೇ ಸಿಂಪಲ್. 'ದ ಡಾಗ್ ಬಾರ್ಕ್ಡ್ ಆಂಡ್ ರ‍್ಯಾನ್' ಅಂದ್ರೂ ಸಿಂಪಲ್ಲೇ, ಯಾಕಂದ್ರೆ ಎರಡು ಕೆಲಸಕ್ಕೂ ಮಾಡಿದವರನ್ನ ಹೇಳೋ ಪದ ಒಂದೇ ಸಲ ಬಂದಿದೆ, ಆಂಡ್ ಕಂಡ ತಕ್ಷಣ ಕಾಂಪೌಂಡ್ ಅಂದ್ಬಿಡೋ ಅಭ್ಯಾಸ ಇಲ್ಲೇ ಬಿಡಿಸ್ಬೇಕು. 'ದ ಡಾಗ್ ಬಾರ್ಕ್ಡ್, ಆಂಡ್ ದ ಕ್ಯಾಟ್ ರ‍್ಯಾನ್' ಅಂದಾಗ ಎರಡು ಜೋಡಿ. ಆಂಡ್ ಮೇಲೆ ಬೆರಳಿಟ್ಟು ಮುಚ್ಚಿದ್ರೆ ಎರಡು ಕಡೆನೂ ಸ್ವಂತ ಕಾಲ ಮೇಲೆ ನಿಲ್ಲುತ್ತೆ, ಇದು ಕಾಂಪೌಂಡ್. ಹೀಗೆ ಜೋಡಿಸೋ ಪದಗಳು 7, ಫಾರ್, ಆಂಡ್, ನಾರ್, ಬಟ್, ಆರ್, ಯೆಟ್, ಸೋ. ಇವುಗಳ ಇಂಗ್ಲಿಷ್ ಮೊದಲಕ್ಷರ ಸೇರ್ಸಿ ಫ್ಯಾನ್‌ಬಾಯ್ಸ್ ಅಂತ ನೆನಪಿಡ್ತಾರೆ. ಶುರುವಿಗೆ ಆಂಡ್, ಬಟ್, ಆರ್, ಸೋ ನಾಲ್ಕೇ ಸಾಕು. ಬರೀ ಕಾಮಾ ಹಾಕಿ ಎರಡು ವಾಕ್ಯ ಅಂಟಿಸಕ್ಕಾಗಲ್ಲ ಅನ್ನೋದನ್ನೂ ಇಲ್ಲೇ ಹೇಳ್ಬಿಡಿ.

ನಿಜವಾದ ಕಷ್ಟ ಕಾಂಪ್ಲೆಕ್ಸ್‌ದು, ಅಂದ್ರೆ ಒಂದು ಉಪವಾಕ್ಯ ಇನ್ನೊಂದಿಲ್ದೆ ಒಂಟಿಯಾಗಿ ನಿಲ್ಲದ ವಾಕ್ಯದ್ದು, ಅದು ನಮ್ಮ ಭಾಷೆಯಿಂದ್ಲೇ ಬರೋ ಕಷ್ಟ ಅಂತ ನಂಗನ್ಸುತ್ತೆ. 'ಗಂಟೆ ಹೊಡೆದಾಗ ಮಕ್ಕಳು ಓಡಿದ್ರು' ಅಂತೀವಲ್ಲ, ಜೋಡಿಸೋ ಕೊಂಡಿ ಕ್ರಿಯಾಪದದ ಬಾಲದಲ್ಲಿದೆ, 'ಆಗ' ಅಂತ. ಇಂಗ್ಲಿಷಲ್ಲಿ ಅದೇ ಕೊಂಡಿ ಬಿಡಿ ಪದವಾಗಿ ಉಪವಾಕ್ಯದ ತಲೆ ಮೇಲೆ ಕೂರುತ್ತೆ, 'ವೆನ್ ದ ಬೆಲ್ ರ‍್ಯಾಂಗ್, ದ ಚಿಲ್ಡ್ರನ್ ರ‍್ಯಾನ್'. ಬಾಲ ತಲೆಗೆ ಬಂತು ಅಂತ ಹೇಳಿದ್ರೆ ಮಕ್ಕಳು ಮರೆಯಲ್ಲ. ಕಾರ್ಡ್ ಮಾಡಿ, ಒಂದು ಕಡೆ 'ಬಂದಾಗ, ಬಂದಿದ್ರಿಂದ, ಬಂದ್ರೆ, ಬಂದ್ರೂ' ಅಂತ ಒಂದೊಂದು, ಹಿಂದೆ ವೆನ್, ಬಿಕಾಸ್, ಇಫ್, ಆಲ್ದೋ. ಆಮೇಲೆ 'ವೆನ್ ದ ಬೆಲ್ ರ‍್ಯಾಂಗ್' ಅಂತ ಮಾತ್ರ ಹೇಳಿ ಸುಮ್ನಾಗಿ, ಮಗುನೇ 'ಆಮೇಲೇನಾಯ್ತು?' ಅಂತ ಕೇಳುತ್ತೆ. ಹಾಗೆ ಕೇಳೋ ಹಾಗಿದ್ರೆ ಅದು ಒಂಟಿಯಾಗಿ ನಿಲ್ಲಲ್ಲ ಅಂತ ಅರ್ಥ.

ಇಲ್ಲಿ ಒಂದು ತಪ್ಪು ಪದೇಪದೇ ಬರುತ್ತೆ, 'ಆಲ್ದೋ ಹಿ ವಾಸ್ ಟೈರ್ಡ್, ಬಟ್ ಹಿ ಪ್ಲೇಡ್'. 'ಸುಸ್ತಾಗಿದ್ರೂ ಕೂಡ, ಆದ್ರೆ' ಅಂದ ಹಾಗೆ. ಎರಡು ಉಪವಾಕ್ಯಕ್ಕೆ ಕೊಂಡಿ ಒಂದೇ, ಆಲ್ದೋ ಇದ್ರೆ ಬಟ್ ಬೇಡ, ಬಿಕಾಸ್ ಇದ್ರೆ ಸೋ ಬೇಡ. ಕಾಮಾ ವಿಷ್ಯಕ್ಕೆ ಪೇಪರ್ ಪಟ್ಟಿ ಕತ್ತರಿಸಿ ಹಿಂದೆಮುಂದೆ ಮಾಡ್ಸಿ, ವೆನ್ ಇರೋ ಭಾಗ ಮೊದ್ಲು ಬಂದ್ರೆ ಕಾಮಾ ಬೇಕು, ಕೊನೆಗೆ ಹೋದ್ರೆ ಸಾಮಾನ್ಯವಾಗಿ ಬೇಡ.

ಹೂ, ವಿಚ್ ಹಾಕೋ ವಾಕ್ಯಗಳು ಇದೆಲ್ಲ ಗಟ್ಟಿಯಾದ್ಮೇಲೆ ಇಟ್ಕೊಳಿ. 'ಮರ ಹತ್ತಿದ ಹುಡುಗ' ಅನ್ನೋದು 'ದ ಬಾಯ್ ಹೂ ಕ್ಲೈಂಬ್ಡ್ ದ ಟ್ರೀ' ಆಗುತ್ತೆ, ನಮ್ಮಲ್ಲಿ ಹುಡುಗ ಅನ್ನೋ ಪದಕ್ಕಿಂತ ಮೊದ್ಲು ಬರೋ ವಿವರಣೆ ಅಲ್ಲಿ ಅದರ ನಂತರ ಬರುತ್ತೆ.

ದಿನಾ ಐದು ನಿಮಿಷ ಆಡ್ಸೋಕೆ ಒಂದು ಆಟ ಇದೆ, ನಂಗೆ ತುಂಬಾ ಇಷ್ಟ. 'ಶಿ ಕ್ರೈಡ್', 'ಹಿ ಲೆಫ್ಟ್' ಅಂತ ಎರಡು ಚೂರು ಕೊಡಿ. ಬಿಕಾಸ್ ಹಾಕಿದ್ರೆ ಅವ್ನು ಹೋಗಿದ್ದಕ್ಕೆ ಇವ್ಳು ಅತ್ಲು, ಸೋ ಹಾಕಿದ್ರೆ ಇವ್ಳು ಅತ್ತಿದ್ದಕ್ಕೇ ಅವ್ನು ಹೋದ. ಬಿಫೋರ್ ಹಾಕಿದ್ರೆ ಏನಾಗುತ್ತೆ ಅಂತ ಮಗುನೇ ಹೇಳ್ಲಿ.