ಕಪ್ಪೆ ಟೆರೇರಿಯಮ್‌ನ ಮಾಸ್‌ಗೆ ಲೈಟ್ ಆಯ್ದುಕೊಳ್ಳುವಾಗ

ಕಪ್ಪೆ ಸಾಕುವ ಗಾಜಿನ ತೊಟ್ಟಿಯಲ್ಲಿ (ಟೆರೇರಿಯಮ್) ಹಾಕುವ ಮಾಸ್, ಅಂದರೆ ಪಾಚಿಯಂಥ ಮೆತ್ತನೆಯ ಹಸಿರು ಸಸ್ಯ, ನೆರಳಲ್ಲಿ ಬೆಳೆಯುವುದು ನಿಜ, ಆದರೆ ಕತ್ತಲೆಯಲ್ಲಿ ಬದುಕುವುದಿಲ್ಲ. ಅದಕ್ಕೆ ಬೇಕಾದದ್ದು ಬಿಸಿಯಿಲ್ಲದ, ಹದವಾದ ಬೆಳಕು. 45 ಸೆಂ.ಮೀ. ಉದ್ದ, ಅಗಲ, ಎತ್ತರದ ಗಾಜಿನ ತೊಟ್ಟಿಗೆ 10ರಿಂದ 15 ವ್ಯಾಟ್‌ನ ಬಿಳಿ ಎಲ್‌ಇಡಿ ಸಾಕು. ಡಬ್ಬದ ಮೇಲೆ 5000ರಿಂದ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಅಂತ ಇದೆಯೇ ನೋಡಿಕೊಳ್ಳಿ. ಗಿಡ ಬೆಳೆಸಲೆಂದೇ ಮಾರುವ ನೇರಳೆ ಬಣ್ಣದ ಗ್ರೋ ಲೈಟ್ ಬೇಡ. ಅದರಡಿ ಮಾಸ್ ಬೆಳೆದರೂ ಒಣಗುತ್ತಿದೆಯೋ, ಕಪ್ಪೆಯ ಚರ್ಮ ಸರಿಯಿದೆಯೋ ಗೊತ್ತಾಗುವುದಿಲ್ಲ. ಬಿಸಿಯೇರುವ ಹ್ಯಾಲೊಜನ್ ಬಲ್ಬಂತೂ ಹತ್ತಿರಕ್ಕೂ ತರಬೇಡಿ.

ಲೈಟನ್ನು ಮುಚ್ಚಳಕ್ಕೆ ತಾಗಿಸದೆ 4–5 ಸೆಂ.ಮೀ. ಮೇಲಿಡಿ, ಟೈಮರ್‌ನಲ್ಲಿ ದಿನಕ್ಕೆ 10 ಗಂಟೆ ಕಾಲ ಉರಿಯುವಂತೆ ಹೊಂದಿಸಿ. ಸಂಜೆ ಲೈಟ್ ಆರುವ ಮುಂಚೆ ಮಾಸ್ ಮಟ್ಟದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ಡಾರ್ಟ್ ಕಪ್ಪೆಗಳಿದ್ದರೆ (ಗಾಢ ಬಣ್ಣದ ಪುಟ್ಟ ಕಪ್ಪೆಗಳು) 26 ಡಿಗ್ರಿ ದಾಟಬಾರದು.

ಆಮೇಲೆ ಮಾಸನ್ನೇ ಗಮನಿಸಿ. ಎಳೆಗಳು ತೆಳ್ಳಗೆ, ಪೇಲವವಾಗಿ ಮೇಲಕ್ಕೆ ಚಾಚಿಕೊಂಡರೆ ಬೆಳಕು ಕಡಿಮೆ. ಗಾಜಿನ ಮೇಲೆ ಹಸಿರು ಲೋಳೆ ಕಟ್ಟಿದರೆ ಬೆಳಕು ಹೆಚ್ಚು. ಟೈಮರನ್ನು ದಿನಕ್ಕೆ 8 ಗಂಟೆಗೆ ಇಳಿಸಿ. ತುದಿ ಕಂದಾಗಿ ಗರಿಗರಿಯಾದರೆ ಲೈಟನ್ನೇ ದೂರಬೇಡಿ, ಹೆಚ್ಚಿನ ಸಲ ಕಾರಣ ಜಾಲರಿ ಮುಚ್ಚಳದಿಂದ ಹೊರಹೋಗುವ ತೇವ, ಇಲ್ಲವೇ ಬೋರ್‌ವೆಲ್ ನೀರಿನ ಲವಣ. ಲವಣ ತೆಗೆದ ಆರ್‌ಓ ನೀರನ್ನೇ ಸಿಂಪಡಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ಮೂರು ವಾರ ಕಾಯಿರಿ. ಮಾಸ್ ನಿಧಾನವಾಗಿಯೇ ಉತ್ತರ ಕೊಡುತ್ತದೆ.

ತೊಟ್ಟಿಯ ಮೂರನೇ ಒಂದು ಭಾಗವನ್ನಾದರೂ ತೊಗಟೆ, ಅಗಲ ಎಲೆಗಳಿಂದ ನೆರಳಾಗಿಡಿ. ಕಪ್ಪೆಗೆ ಹಗಲಲ್ಲಿ ಅಡಗಲು ಜಾಗ ಬೇಕೇ ಬೇಕು.