ಶೆಲ್ಟರ್‌ನಿಂದ ಬಂದ ಕೆಂಪಿಯನ್ನು ಅವಳ ಪಾಡಿಗೆ ಬಿಟ್ಟೆವು

ದಿಕ್ಕಿಲ್ಲದ ನಾಯಿಗಳನ್ನು ಸಾಕುವ ಶೆಲ್ಟರ್‌ನಿಂದ ನಾಯಿ ತರಬೇಕು ಅಂದುಕೊಂಡವರು ನನ್ನನ್ನು ಮೊದಲು ಕೇಳುವುದು "ಮರಿ ಸಿಗುತ್ತಾ?" ಅಂತ. ಸಿಗುತ್ತೆ. ಆದರೆ ನಾವು ತಂದಿದ್ದು ಮರಿಯನ್ನಲ್ಲ, ಸುಮಾರು ನಾಲ್ಕು ವರ್ಷದ ಹೆಣ್ಣು ನಾಯಿಯನ್ನು. ನಮ್ಮ ಬೀದಿಗಳದೇ ತಳಿ, ಇಂಡಿ ಅಂತಾರಲ್ಲ, ಅದು. ಕೆಂಪು ಮೈ, ಅದಕ್ಕೇ ಕೆಂಪಿ ಅಂತ ಕರೆದೆವು.

ನಮ್ಮದು ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ಎರಡನೇ ಮಹಡಿಯ ಫ್ಲ್ಯಾಟ್. ನಾನು, ನನ್ನ ಗಂಡ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಹಗಲು ಮನೆಯಲ್ಲಿ ಇರುವವರು ಅತ್ತೆ, ಅವರಿಗೆ ಮಂಡಿ ನೋವು. ಮರಿ ಅಂದರೆ ಎರಡೆರಡು ಗಂಟೆಗೊಮ್ಮೆ ಕೆಳಗೆ ಕರೆದುಕೊಂಡು ಹೋಗಬೇಕು, ಕಾಲಿಗೆ ಅಡ್ಡ ಬರುತ್ತೆ, ಸಿಕ್ಕಿದ್ದೆಲ್ಲ ಕಡಿಯುತ್ತೆ, ಮರಿಗಳಿಗೆ ಬರುವ ಪಾರ್ವೋ ಅನ್ನುವ ವೈರಸ್ ಕಾಯಿಲೆಯ ಭಯ ಬೇರೆ. ಬೆಳೆದ ನಾಯಿಯಾದರೆ ಎಷ್ಟು ದೊಡ್ಡದಾಗುತ್ತೆ, ಸ್ವಭಾವ ಹೇಗೆ ಅಂತ ಕಣ್ಣೆದುರೇ ಗೊತ್ತಾಗುತ್ತೆ. ಮಕ್ಕಳ ಜೊತೆ ಹೇಗಿರುತ್ತೆ, ಬೆಕ್ಕು ಕಂಡರೆ ಏನು ಮಾಡುತ್ತೆ ಅಂತೆಲ್ಲ ದಿನಾ ಅದಕ್ಕೆ ಊಟ ಹಾಕುವವರೇ ಹೇಳುತ್ತಾರೆ. ಹೀಗಿದ್ದರೂ ಬಂದವರೆಲ್ಲ ಮರಿಗಳ ಕಡೆಗೇ ಹೋಗುತ್ತಾರೆ. ದೊಡ್ಡ ನಾಯಿಗಳು ವರ್ಷಗಟ್ಟಲೆ ಅಲ್ಲೇ ಉಳಿಯುತ್ತವೆ. ಇದು ನನಗೆ ಈಗಲೂ ಸಂಕಟದ ವಿಷಯ.

ಬೆಂಗಳೂರಿನಲ್ಲಿ ಶೆಲ್ಟರ್‌ಗಳಿಗೆ ಕೊರತೆ ಇಲ್ಲ. 1991ರಲ್ಲಿ ಶುರುವಾದ ಕ್ಯೂಪಾ ಅನ್ನುವ ಪ್ರಾಣಿ ರಕ್ಷಣಾ ಸಂಸ್ಥೆ ಇದೆ, ನಗರದ ಉತ್ತರಕ್ಕೆ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್ ಇದೆ, ಸಣ್ಣ ಸಣ್ಣ ಗುಂಪುಗಳೂ ಇವೆ. ನಾವು ಹೋದ ಕಡೆ ಮನೆಯವರೆಲ್ಲ ಬರಲೇಬೇಕು ಅಂದರು. ಅತ್ತೆಯನ್ನೂ ಕರೆದುಕೊಂಡು ಹೋದೆವು. ಬಾಡಿಗೆ ಮನೆಯಾ, ಓನರ್ ಒಪ್ಪಿದ್ದಾರಾ, ಬಾಲ್ಕನಿಗೆ ಗ್ರಿಲ್ ಇದೆಯಾ, ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ ಅಂತ ಒಂದೊಂದಾಗಿ ಕೇಳಿದರು. ಆಮೇಲೆ ಮನೆಗೂ ಬಂದು ನೋಡಿದರು. ಇಷ್ಟೆಲ್ಲ ವಿಚಾರಣೆ ಯಾಕೆ ಅಂತ ಕೆಲವರಿಗೆ ಬೇಜಾರಾಗುತ್ತೆ. ನನಗಂತೂ ಸಮಾಧಾನ ಆಯಿತು. ಒಂದು ಸಲ ಬೀದಿ ಪಾಲಾದ ಜೀವ ಮತ್ತೆ ಬೀದಿಗೆ ಬೀಳಬಾರದು, ಅಲ್ವಾ?

ಕೆಂಪಿಗೆ ಸಂತಾನಹರಣ ಆಪರೇಷನ್ ಆಗಿತ್ತು. ಕಿವಿಯ ತುದಿಯಲ್ಲಿ ಸಣ್ಣ ಚೂರು ಕತ್ತರಿಸಿದ ಗುರುತು ಇತ್ತು. ಬೀದಿ ನಾಯಿಗಳಿಗೆ ಆಪರೇಷನ್ ಮಾಡಿದಾಗ ಹೀಗೆ ಗುರುತು ಮಾಡುತ್ತಾರೆ, ಮತ್ತೆ ಅದನ್ನೇ ಹಿಡಿದು ಕೊಯ್ಯದಿರಲಿ ಅಂತ.

ಮನೆಗೆ ತಂದ ಮೇಲೆ ನಾವು ಮಾಡಿದ ಮುಖ್ಯ ಕೆಲಸ ಅವಳನ್ನು ಸುಮ್ನೆ ಬಿಟ್ಟಿದ್ದು. ಶೆಲ್ಟರ್‌ನವರು ಒಂದು ಲೆಕ್ಕ ಹೇಳುತ್ತಾರೆ: ಹೆದರಿಕೆ ಇಳಿಯಲು ಮೂರು ದಿನ, ಮನೆಯ ರೂಢಿ ತಿಳಿಯಲು ಮೂರು ವಾರ, ಇದು ನನ್ನ ಮನೆ ಅನ್ನಿಸಲು ಮೂರು ತಿಂಗಳು. ಎಲ್ಲ ನಾಯಿಗೂ ಇದು ಕರಾರುವಾಕ್ಕಾಗಿ ನಡೆಯುವುದಿಲ್ಲ, ಆದರೆ ಆತುರ ಪಡುವವರ ಕೈ ಹಿಡಿದು ನಿಲ್ಲಿಸುತ್ತೆ. ಸ್ನಾನ ಮಾಡಿಸಲಿಲ್ಲ. ನೆಂಟರನ್ನು ಕರೆಯಲಿಲ್ಲ. ಹಾಲ್‌ನ ಮೂಲೆಯಲ್ಲಿ, ಹೊಲಿಗೆ ಮಿಷಿನ್ ಪಕ್ಕ, ಹಳೆಯ ಜಮಖಾನ ಹಾಸಿ ನೀರಿಟ್ಟೆವು. ಕುಕ್ಕರ್ ಕೂಗಿದರೆ ಅವಳು ಮಿಷಿನ್ ಅಡಿಗೆ ಹೋಗಿ ಸೇರುತ್ತಿದ್ದಳು. ಕೈಯಲ್ಲಿ ಪೊರಕೆ ಕಂಡರೆ ಹೊಟ್ಟೆ ನೆಲಕ್ಕೆ ಅಂಟಿಸಿ ಮಲಗುತ್ತಿದ್ದಳು. ಎಳೆದು ಹೊರಗೆ ತರಲಿಲ್ಲ, ಮುದ್ದು ಮಾಡಲೂ ಹೋಗಲಿಲ್ಲ.

ಮಗಳಿಗೆ ಒಂಬತ್ತು ವರ್ಷ. ಸುಮ್ಮನಿರುವುದು ಅವಳಿಗೇ ಜಾಸ್ತಿ ಕಷ್ಟ. ಊಟ ಮಾಡುವಾಗ, ಮಲಗಿದಾಗ ಮುಟ್ಟಬಾರದು. ತಲೆಯ ಮೇಲಿಂದ ಕೈ ತರಬಾರದು. ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತು ನಿನ್ನ ಹೋಮ್‌ವರ್ಕ್ ಮಾಡಿಕೋ, ಬೇಕಾದರೆ ಅವಳೇ ಬರುತ್ತಾಳೆ ಅಂತ ಹೇಳಿಕೊಟ್ಟೆ. ನಾಯಿ ಗುರ್ ಅನ್ನುವುದಕ್ಕೂ ಮುಂಚೆ ಬೇರೆ ರೀತಿಯಲ್ಲಿ ಹೇಳಿರುತ್ತೆ. ನಿದ್ದೆ ಬಾರದೆಯೂ ಆಕಳಿಸುತ್ತೆ, ತುಟಿ ನೆಕ್ಕಿಕೊಳ್ಳುತ್ತೆ, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುತ್ತೆ. ಅಷ್ಟಕ್ಕೇ ದೂರ ಸರಿದರೆ ಮುಂದಿನದು ಬರುವುದಿಲ್ಲ. ಗುರ್ ಅಂದಿದ್ದಕ್ಕೆ ಗದರಿಸಲೂಬಾರದು. ಎಚ್ಚರಿಕೆ ಕೊಡುವುದನ್ನು ಬಿಟ್ಟ ನಾಯಿ ನೇರವಾಗಿ ಕಚ್ಚಬಹುದು.

ಕೊನೆಗೆ ಕೆಂಪಿ ಮೊದಲು ಹೋಗಿದ್ದು ಅತ್ತೆಯ ಹತ್ತಿರ. ಅವರೆಕಾಯಿ ಕಾಲ. ಅತ್ತೆ ನೆಲದ ಮೇಲೆ ಕೂರಲಾರದೆ ಸ್ಟೂಲ್ ಮೇಲೆ ಕೂತು, ಮೊರದಲ್ಲಿ ಕಾಳು ಹಿತುಕುತ್ತಿದ್ದರು. ಕೆಂಪಿ ಮಿಷಿನ್ ಅಡಿಯಿಂದ ಕತ್ತು ಚಾಚಿ, ಹಿಂಗಾಲು ಅಲ್ಲೇ ಬಿಟ್ಟು, ಮುಂಗಾಲು ಮಾತ್ರ ಮುಂದಿಟ್ಟು ಬಂದಳು. ಬಿದ್ದ ಒಂದು ಸಿಪ್ಪೆ ಮೂಸಿ, ಅತ್ತೆಯ ಸೆರಗು ಮೂಸಿ, ಕಾಲ ಹತ್ತಿರ ಕೂತಳು. ಅತ್ತೆ ತಲೆ ಎತ್ತಲಿಲ್ಲ, ಕೈಯೂ ನಿಲ್ಲಿಸಲಿಲ್ಲ. "ಬಂದ್ಯೇನೇ" ಅಂದರು ಅಷ್ಟೇ. ನಾಯಿ ಮನೆಯೊಳಗೆ ಬಂದರೆ ಮಡಿ ಏನಾಗಬೇಕು ಅಂತ ಮೊದಲು ಕೇಳಿದ್ದವರೂ ಅವರೇ. ದೇವರ ಮನೆಯ ಹೊಸ್ತಿಲು ಕೆಂಪಿ ದಾಟುವುದಿಲ್ಲ, ಅದನ್ನು ಕಲಿಸಿದ್ದೂ ಅವರೇ.

ಆರೋಗ್ಯದ ವಿಷಯದಲ್ಲಿ ಬೆಂಗಳೂರಿನವರು ಮುಖ್ಯವಾಗಿ ಗಮನಿಸಬೇಕಾದ್ದು ಉಣ್ಣಿ. ಈ ಊರಿನ ಹವೆಯಲ್ಲಿ ವರ್ಷವಿಡೀ ಉಣ್ಣಿ ಇರುತ್ತೆ. ಅದರಿಂದ ಬರುವ ಟಿಕ್ ಫೀವರ್ ನಾಯಿಯ ಪ್ಲೇಟ್‌ಲೆಟ್ ಇಳಿಸಿಬಿಡುತ್ತೆ. ಕೆಂಪಿ ಒಂದು ಬೆಳಿಗ್ಗೆ ಮೊಸರನ್ನ ಮೂಸಿ ಬಿಟ್ಟಳು, ಒಸಡು ಬಿಳಚಿಕೊಂಡಿತ್ತು. ಅವತ್ತೇ ರಕ್ತ ಪರೀಕ್ಷೆ ಮಾಡಿಸಿದೆವು. ಡಾಕ್ಸಿಸೈಕ್ಲಿನ್ ಕೊಟ್ಟರು. ಈ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕು ವಾರ ಕೊಡಬೇಕಾಗುತ್ತೆ, ನಾಯಿ ಚೇತರಿಸಿಕೊಂಡ ಹಾಗೆ ಕಂಡರೂ ನಡುವೆ ನಿಲ್ಲಿಸಬಾರದು. ಈಗ ವಾಕಿಂಗ್ ಮುಗಿಸಿ ಬಂದ ಕೂಡಲೇ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಬೆಲ್ಟ್ ಅಡಿಯಲ್ಲಿ ನೋಡುತ್ತೇವೆ. ದೊಡ್ಡ ಚಿಕಿತ್ಸೆ ಬೇಕಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಅಡುಗೆಮನೆಯಲ್ಲೂ ಒಂದು ಎಚ್ಚರ ಬೇಕು. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಹಬ್ಬದ ಪಾಯಸದಲ್ಲಿ ಒಣದ್ರಾಕ್ಷಿ ಇರುತ್ತೆ, ಸಾರಿನಲ್ಲಿ ಈರುಳ್ಳಿ ಇರುತ್ತೆ. ಹಾಗಾಗಿ ನಮ್ಮ ಎಲೆಯಲ್ಲಿ ಉಳಿದದ್ದನ್ನು ಅವಳಿಗೆ ಹಾಕುವುದಿಲ್ಲ.

ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನಲ್ಲಿ ಒಬ್ಬರು ಲಿಫ್ಟ್ ಬಳಸಬೇಡಿ ಅಂದರು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರತಿ ತೋರಿಸಿದೆ. ಬಹುಮತ ಇದ್ದರೂ ಸಾಕುಪ್ರಾಣಿ ಬೇಡ ಅನ್ನುವ ಹಾಗಿಲ್ಲ, ಲಿಫ್ಟ್‌ಗೂ ತಡೆ ಹಾಕುವ ಹಾಗಿಲ್ಲ ಅಂತ ಅದರಲ್ಲಿದೆ. ಜಗಳ ಬೆಳೆಯಲಿಲ್ಲ. ಹೆದರುವವರು ಲಿಫ್ಟ್‌ನಲ್ಲಿದ್ದರೆ ನಾವು ಮುಂದಿನದಕ್ಕೆ ಕಾಯುತ್ತೇವೆ. ಹೊರಗೆ ಹೋದಾಗ ಅವಳ ಗಲೀಜನ್ನು ನಾವೇ ತೆಗೆಯುತ್ತೇವೆ, ಪೌರಕಾರ್ಮಿಕರ ಮೇಲೆ ಅದನ್ನು ಹೊರಿಸುವುದು ಅನ್ಯಾಯ.

ದೀಪಾವಳಿಗೆ ಕತ್ತಲಾಗುವ ಮುಂಚೆಯೇ ವಾಕಿಂಗ್ ಮುಗಿಸಿ, ಒಳರೂಮಿನ ಕಿಟಕಿ ಹಾಕಿ, ಫ್ಯಾನ್ ಜೋರು ಮಾಡುತ್ತೇವೆ. ಪಟಾಕಿಗೆ ಬೆದರಿ ಬೆಲ್ಟ್ ಕಳಚಿಕೊಂಡು ಓಡಿಹೋದ ನಾಯಿಗಳ ಫೋಟೋ ಆ ವಾರ ಎಲ್ಲ ವಾಟ್ಸಾಪ್ ಗುಂಪಿನಲ್ಲೂ ಬರುತ್ತವೆ. ಅದಕ್ಕೇ ಕತ್ತಿನ ಬೆಲ್ಟ್ ಜೊತೆಗೆ ಎದೆಯ ಸುತ್ತ ಕಟ್ಟುವ ಹಾರ್ನೆಸ್ಸೂ ಹಾಕುತ್ತೇವೆ, ಎರಡರಲ್ಲೂ ಫೋನ್ ನಂಬರ್ ಬರೆಸಿದ್ದೇವೆ.

ಊರಿಗೆ ಹೋಗುವಾಗ ನಾಯಿಯನ್ನು ಬೋರ್ಡಿಂಗ್‌ನಲ್ಲಿ, ಅಂದರೆ ದುಡ್ಡು ಪಡೆದು ನಾಯಿ ನೋಡಿಕೊಳ್ಳುವ ಜಾಗದಲ್ಲಿ, ಬಿಡುವುದಾದರೆ, ಅದಕ್ಕೂ ಮುಂಚೆ ಒಂದು ರಾತ್ರಿ ಮಾತ್ರ ಬಿಟ್ಟು ನೋಡಿ. ವಾಪಸ್ ಕರೆತರುವಾಗ ನಾಯಿ ಹೇಗಿದೆ ಅಂತ ಗಮನಿಸಿ. ಒಳ್ಳೆಯ ಜಾಗದವರು ರೇಬೀಸ್ ಚುಚ್ಚುಮದ್ದು ಹಾಕಿಸಿದ ಪುಸ್ತಕ ತೋರಿಸಿ ಅಂತ ಮೊದಲೇ ಕೇಳುತ್ತಾರೆ. ಕೇಳದವರ ಹತ್ತಿರ ನಾವು ಕೆಂಪಿಯನ್ನು ಬಿಡುವುದಿಲ್ಲ.